ಇದ್ದಕ್ಕಿದ್ದಂತೆ ಮಂಕಾದವರನ್ನು ಆಂಬುಲೆನ್ಸ್ ಬರುವ ತನಕ ನೋಡಿಕೊಳ್ಳುವುದು ಹೇಗೆ: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಹೊಸನಗರ ಕಡೆಯ ಒಂದು ಊರು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕರೆ ಬಂತು. ನಾವು ಹೋದಾಗ ಅಜ್ಜ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅಂಗಿ ಪೂರ್ತಿ ಬೆವರಿಗೆ ನೆಂದಿತ್ತು. ಮಾತಾಡಿಸಿದರೆ ಏನೇನೋ ಹೇಳುತ್ತಿದ್ದರು, ಸ್ವಂತ ಮಗನ ಗುರುತೇ ಸಿಗುತ್ತಿರಲಿಲ್ಲ. ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಸ್ವಲ್ಪ ಕುಡಿದಿದ್ದರಂತೆ, ಊಟ ಸರಿಯಾಗಿ ಮಾಡಿರಲಿಲ್ಲವಂತೆ. ಇನ್ನೂ ಇಳಿದಿಲ್ಲ ಅಂದುಕೊಂಡು ಮನೆಯವರು ಎರಡು ಗಂಟೆ ಸುಮ್ನೆ ಬಿಟ್ಟಿದ್ದರು. ಬೆರಳು ಚುಚ್ಚಿ ನೋಡಿದರೆ ಶುಗರ್ 31, ತೀರಾ ಕಡಿಮೆ. ನರಕ್ಕೆ ಗ್ಲೂಕೋಸ್ ಹೋದ ಹತ್ತು ನಿಮಿಷಕ್ಕೆ ಅಜ್ಜ ಕಣ್ಣರಳಿಸಿ, "ಎಂತಕ್ಕೆ ಇಷ್ಟು ಜನ ಸೇರಿದ್ರಿ ಮಾರಾಯ್ರೆ?" ಅಂದರು.

ಮನೆಯವರನ್ನು ನಾನು ದೂರುವುದಿಲ್ಲ. ಆಂಬುಲೆನ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಊಹೆ ಮಾಡುತ್ತಿದ್ದೆ. ಕುಡಿದಿದ್ದಾರೆ, ವಯಸ್ಸಾಗಿದೆ, ಗಾಳಿ ಸೋಕಿದೆ, ನಾಟಕ ಮಾಡುತ್ತಿದ್ದಾರೆ. ಈ ನಾಲ್ಕು ಮಾತು ಎಷ್ಟೋ ಜನರ ಹೊತ್ತನ್ನು ತಿಂದುಹಾಕಿವೆ. ಕಾರಣ ಹುಡುಕುವುದು ಆಮೇಲೆ. ಮೊದಲು ಉಸಿರು ನೋಡಬೇಕು, ನಂತರ ಸಕ್ಕರೆ ನೋಡಬೇಕು, ಜೊತೆಗೆ ಗಡಿಯಾರ ನೋಡಬೇಕು. ಈ ಮೂರೂ ಮನೆಯವರ ಕೈಯಲ್ಲೇ ಇರುವ ಕೆಲಸ. ನಮ್ಮ ಕಡೆ ಒಂಟಿ ಮನೆಗಳು ಜಾಸ್ತಿ, ಗಾಡಿ ಬರುವುದಕ್ಕೆ ಅರ್ಧ ಗಂಟೆಯೂ ಆಗಬಹುದು, ಮಳೆಗಾಲದಲ್ಲಿ ಮರ ಬಿದ್ದಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ರೋಗಿಯ ಜೊತೆ ಇರುವವರು ನೀವೇ.

ಮಂಕು ಅಂದರೆ ಯಾವುದು

ಪ್ರಜ್ಞೆ ತಪ್ಪಿ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಅರ್ಧ ಮಂಕು. ಮಧ್ಯಾಹ್ನದವರೆಗೆ ಸರಿಯಿದ್ದ ಅಮ್ಮಮ್ಮ ಸಂಜೆ ಬಚ್ಚಲುಮನೆಯ ದಾರಿ ಹುಡುಕುತ್ತಾರೆ. ಸದಾ ತಣ್ಣಗಿರುವ ಮನುಷ್ಯ ಕಾರಣವಿಲ್ಲದೆ ರೇಗುತ್ತಾನೆ. ಎಬ್ಬಿಸಿದರೆ ಹ್ಞೂಂ ಅಂದು ಮತ್ತೆ ತೂಕಡಿಸುತ್ತಾರೆ. ಮರೆವಿನ ಕಾಯಿಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಬೇರೆ ಕಾರಣ ಇರುತ್ತದೆ. ಮೊದಲೇ ಮರೆವು ಇರುವವರಿಗೂ ಈ ಮಾತು ಸಲ್ಲುತ್ತದೆ. "ಅವರು ಯಾವಾಗಲೂ ಹೀಗೇ ಇರುತ್ತಾರಾ?" ಅಂತ ನಾವು ಬಂದ ತಕ್ಷಣ ಕೇಳುವುದು ಇದಕ್ಕೇ. ಆ ಪ್ರಶ್ನೆಗೆ ಉತ್ತರ ಯಾವ ಮೆಷಿನ್‌ನಲ್ಲೂ ಸಿಗುವುದಿಲ್ಲ, ದಿನಾ ಜೊತೆಗಿರುವವರೇ ಹೇಳಬೇಕು.

ಮೊದಲ ನಿಮಿಷ

ಓಡಿ ಹೋಗಿ ಮುಟ್ಟುವ ಮುಂಚೆ ಸುತ್ತ ಒಮ್ಮೆ ನೋಡಿ. ತೋಟದಲ್ಲಿ ಬಿದ್ದಿದ್ದರೆ ಕರೆಂಟ್ ತಂತಿ ಇದೆಯಾ? ಪಂಪ್‌ಸೆಟ್ ಹತ್ತಿರವಾ? ಬಾವಿ ಕೆಳಗೆ ಇಳಿದವರು ಮಾತು ನಿಲ್ಲಿಸಿದರೆ ಅವರ ಹಿಂದೆಯೇ ಇನ್ನೊಬ್ಬರು ಇಳಿಯಬೇಡಿ. ಕೆಳಗೆ ಗಾಳಿ ಕೆಟ್ಟಿರುತ್ತದೆ, ಇಳಿದವರೂ ಅಲ್ಲೇ ಬೀಳುತ್ತಾರೆ. ಅಗ್ನಿಶಾಮಕದವರನ್ನು ಕರೆಸಿ.

ಜಾಗ ಸರಿಯಿದೆ ಅಂತಾದರೆ ಹತ್ತಿರ ಹೋಗಿ ಹೆಸರು ಹಿಡಿದು ಜೋರಾಗಿ ಕರೆಯಿರಿ. ಕಣ್ಣು ಬಿಟ್ಟು ನೋಡುತ್ತಾರಾ? ಇಲ್ಲದಿದ್ದರೆ ಭುಜ ತಟ್ಟಿ. ಅದಕ್ಕೂ ಇಲ್ಲದಿದ್ದರೆ ಕುತ್ತಿಗೆ ಮತ್ತು ಭುಜದ ನಡುವಿನ ಮಾಂಸವನ್ನು ಗಟ್ಟಿಯಾಗಿ ಹಿಂಡಿ. ನಾವು ಬಳಸುವ ಅಳತೆಯೂ ಇಷ್ಟೇ: ಪೂರ್ತಿ ಎಚ್ಚರ, ಕರೆದರೆ ಎಚ್ಚರ, ನೋವಿಗೆ ಮಾತ್ರ ಎಚ್ಚರ, ಯಾವುದಕ್ಕೂ ಇಲ್ಲ. ಈಗ ಯಾವ ಹಂತ ಅಂತ ನೆನಪಿಟ್ಟುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಮೇಲೆ ಬರುತ್ತಿದ್ದಾರೋ ಕೆಳಗೆ ಜಾರುತ್ತಿದ್ದಾರೋ ಎನ್ನುವುದು ಡಾಕ್ಟರಿಗೆ ಬಹಳ ಮುಖ್ಯ.

ಆಮೇಲೆ ಉಸಿರು. ಎದೆ ಏಳುತ್ತಾ ಇಳಿಯುತ್ತಾ ಇದೆಯಾ ಅಂತ ಹತ್ತು ಸೆಕೆಂಡ್ ನೋಡಿ. ಎಚ್ಚರವೂ ಇಲ್ಲ, ಉಸಿರೂ ಇಲ್ಲ ಅಂದರೆ ಎದೆ ಒತ್ತಲು ಶುರು ಮಾಡಿ. ನೆಲಕ್ಕೆ ತಂದ ಮೀನು ಬಾಯಿ ಬಿಟ್ಟ ಹಾಗೆ ಆಗೊಮ್ಮೆ ಈಗೊಮ್ಮೆ ಗಕ್ ಅನ್ನುತ್ತಿದ್ದರೆ ಅದನ್ನು ಉಸಿರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆಗಲೂ ಒತ್ತಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈ ಸೇರಿಸಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಸುಸ್ತಾದರೆ ಇನ್ನೊಬ್ಬರು ಕೈ ಹಾಕಲಿ, ನಡುವೆ ನಿಲ್ಲಿಸಬೇಡಿ.

ಇದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಬೇಕು. ಒಬ್ಬರೇ ಇದ್ದರೆ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟು ಮಾತಾಡಿ. 112 ಕೂಡ ತುರ್ತು ನಂಬರೇ. ಊರಿನ ಹೆಸರಷ್ಟೇ ಹೇಳಿದರೆ ಸಾಲದು, ಏಕೆಂದರೆ ನಮ್ಮಲ್ಲಿ ಒಂದೇ ಹೆಸರಿನ ಊರು ಎರಡೆರಡು ತಾಲ್ಲೂಕಿನಲ್ಲಿರುತ್ತದೆ. ತಾಲ್ಲೂಕು, ಹೋಬಳಿ, ಮುಖ್ಯ ರಸ್ತೆಯಿಂದ ಎಲ್ಲಿ ತಿರುಗಬೇಕು, ಅಲ್ಲಿ ಶಾಲೆಯೋ ಹಾಲಿನ ಡೇರಿಯೋ ಏನಿದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ, ಇವೆಲ್ಲ ಹೇಳಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಬೇಕು ಅಂತಿದ್ದರೆ ಹೋದವರು ಮಾಹಿತಿ ಪೂರ್ತಿ ತಿಳಿದುಕೊಂಡೇ ಹೋಗಲಿ, ಫೋನ್ ಮುಗಿಸಿ ಕೆಳಗಿಳಿದುಬಿಟ್ಟರೆ ಡ್ರೈವರ್ ವಾಪಸ್ ಫೋನ್ ಮಾಡಿದಾಗ ಸಿಗುವುದಿಲ್ಲ. ಒಬ್ಬರು ಅಲ್ಲೇ ನಿಂತಿರಲಿ. ಇನ್ನೊಬ್ಬರು ಟಾರ್ಚ್ ಹಿಡಿದು ತಿರುವಿಗೆ ಹೋಗಲಿ.

ಮಲಗಿಸುವ ರೀತಿ

ಉಸಿರಿದೆ, ಎಚ್ಚರವಿಲ್ಲ. ಆಗ ಮಗ್ಗುಲಿಗೆ ಮಲಗಿಸಿ. ಅಂಗಾತ ಬಿಟ್ಟರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ, ವಾಂತಿಯಾದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇಲಿನ ಕಾಲನ್ನು ಮಂಡಿಯಲ್ಲಿ ಮಡಿಸಿ ಮುಂದಕ್ಕೆ ಊರಿ, ಮೇಲಿನ ಕೈಯನ್ನು ಕೆನ್ನೆಯ ಕೆಳಗಿಡಿ, ಗಲ್ಲ ಸ್ವಲ್ಪ ಮೇಲಕ್ಕೆತ್ತಿ, ಬಾಯಿ ಕೆಳಮುಖವಾಗಿರಲಿ. ಗೊರಗೊರ ಸದ್ದು ಬರುತ್ತಿದ್ದರೆ ದಾರಿ ಅರ್ಧ ಮುಚ್ಚಿದೆ ಅಂತ ಅರ್ಥ. "ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದಾರೆ, ನಿದ್ದೆ ಮಾಡಲಿ" ಅಂದುಕೊಳ್ಳಬೇಡಿ, ಗಲ್ಲ ಎತ್ತಿ ನೋಡಿ. ಸಡಿಲ ಹಲ್ಲಿನ ಸೆಟ್ ಇದ್ದರೆ, ಎಲೆ ಅಡಿಕೆ ಬಾಯಲ್ಲಿದ್ದರೆ, ಕಣ್ಣಿಗೆ ಕಂಡಷ್ಟನ್ನು ತೆಗೆಯಿರಿ. ಕಾಣದ್ದಕ್ಕೆ ಬೆರಳು ಹಾಕಿ ಕೆದಕಬೇಡಿ.

ಅಡಿಕೆ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು ಅಂದರೆ ಕತ್ತು ಮುರಿದಿರಬಹುದು ಅಂತಲೇ ನಡೆದುಕೊಳ್ಳಿ. ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗದಂತೆ ನೋಡಿಕೊಳ್ಳಲಿ. ವಾಂತಿ ಬಂದರೆ ಮಾತ್ರ ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರಕ್ಕೆ ಇರುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ತಿರುಗಿಸಿ.

ಬಾಯಿಗೆ ಏನೂ ಹಾಕಬೇಡಿ. ನೀರು ಬೇಡ, ಕಾಫಿ ಬೇಡ, ಮಜ್ಜಿಗೆ ಬೇಡ, ತೀರ್ಥವೂ ಬೇಡ. ಪ್ರೀತಿಯಿಂದ ಹಾಕಿದ ಒಂದು ಚಮಚ ನೀರು ಉಸಿರಿನ ದಾರಿಗೆ ಹೋದರೆ ಅದೇ ದೊಡ್ಡ ಅಪಾಯ. ಚಪ್ಪಲಿ ಮೂಸಿಸುವುದು, ಈರುಳ್ಳಿ ಹಿಂಡುವುದು, ಕೈಗೆ ಕಬ್ಬಿಣ ಕೊಡುವುದು ಯಾವುದರಿಂದಲೂ ಉಪಯೋಗವಿಲ್ಲ.

ಕೂಗಾಡುತ್ತಾ ಒದೆಯುತ್ತಿರುವವರನ್ನು ಬೋರಲು ಕೆಡವಿ ಬೆನ್ನ ಮೇಲೆ ಕೂರುವುದನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಉಸಿರು ಕಟ್ಟಿ ಪ್ರಾಣ ಹೋಗಬಹುದು. ಜನರನ್ನು ದೂರ ಕಳಿಸಿ, ಕತ್ತಿ ದೋಟಿ ಎಲ್ಲ ತೆಗೆದಿಟ್ಟು, ಅವರಿಗೆ ಹತ್ತಿರದವರು ಒಬ್ಬರೇ ಮೆಲ್ಲಗೆ ಮಾತಾಡಲಿ.

ಸಕ್ಕರೆ: ಇದನ್ನು ಬಿಡಲೇಬೇಡಿ

ಯಾರೇ ಮಂಕಾಗಿರಲಿ, ಕಾರಣ ಏನೇ ಅನ್ನಿಸಲಿ, ಬೆರಳು ಚುಚ್ಚಿ ಶುಗರ್ ನೋಡಿ. ಲಕ್ವ ಹೊಡೆದಂತೆ ಕಂಡರೂ ನೋಡಿ, ಫಿಟ್ಸ್ ಬಂದಿದ್ದರೂ ನೋಡಿ, ಕುಡಿದಿದ್ದರೂ ನೋಡಿ. ಶುಗರ್ ಕಡಿಮೆಯಾದರೆ ಇವೆಲ್ಲವನ್ನೂ ಹೋಲುವ ಲಕ್ಷಣ ಬರುತ್ತದೆ, ಒಂದು ಕಡೆ ಕೈಕಾಲು ಬೀಳುವುದೂ ಸೇರಿ. ಸ್ಥಳದಲ್ಲೇ, ನಿಮಿಷಗಳಲ್ಲಿ ಸರಿ ಮಾಡಬಹುದಾದ ಕಾರಣ ಇದು. ಮನೆಯಲ್ಲಿ ಮೆಷಿನ್ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿರುತ್ತದೆ, ಈಗ ಪ್ರತಿ ಕೇರಿಯಲ್ಲೂ ಒಬ್ಬರಾದರೂ ಶುಗರ್ ಇರುವವರು ಇದ್ದಾರಲ್ವಾ. ಚುಚ್ಚುವ ಮೊದಲು ಬೆರಳು ತೊಳೆದು ಒರೆಸಿ. ಬೆಲ್ಲ, ಬಾಳೆಹಣ್ಣು ಮುಟ್ಟಿದ ಬೆರಳಾದರೆ ನಂಬರ್ ಸುಳ್ಳೇ ಜಾಸ್ತಿ ತೋರಿಸುತ್ತದೆ.

70ಕ್ಕಿಂತ ಕೆಳಗಿದ್ದರೆ ಕಡಿಮೆ, 54ಕ್ಕಿಂತ ಕೆಳಗಿದ್ದರೆ ಅಪಾಯ. ಎಚ್ಚರವಿದ್ದು, ಎದ್ದು ಕೂತು, ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ಇನ್ನೂ 70 ದಾಟಿಲ್ಲವೆಂದರೆ ಅಷ್ಟೇ ಮತ್ತೊಮ್ಮೆ. ದಾಟಿದ ಮೇಲೆ ಅನ್ನವೋ ದೋಸೆಯೋ ಹೊಟ್ಟೆಗೆ ಬೀಳಲೇಬೇಕು. ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎನ್ನುವ ಶುಗರ್ ಮಾತ್ರೆ ಸೇರಿದ ಔಷಧಿ ತೆಗೆದುಕೊಳ್ಳುವವರಿಗೆ ಅಡುಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಹೊಟ್ಟೆಯಲ್ಲಿ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರಿಗೆ ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ತಂದಿಟ್ಟಿರಿ.

ಎಚ್ಚರವಿಲ್ಲದಿದ್ದರೆ ಬಾಯಿಗೆ ಸಕ್ಕರೆ ನೀರನ್ನೂ ಹುಯ್ಯಬೇಡಿ. ಮಗ್ಗುಲಿಗೆ ಮಲಗಿಸಿ, ನಂಬರ್ ಎಷ್ಟಿದೆ ಅಂತ 108ರವರಿಗೆ ತಿಳಿಸಿ. ಗಾಡಿ ದೂರವಿದ್ದು ಹತ್ತಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ತೆರೆದಿದ್ದರೆ ಅಲ್ಲಿಗೇ ಎತ್ತಿಕೊಂಡು ಹೋಗಬಹುದಾ ಅಂತ ಅವರನ್ನೇ ಕೇಳಿ, ನರಕ್ಕೆ ಗ್ಲೂಕೋಸ್ ಕೊಡಲು ದೊಡ್ಡ ಆಸ್ಪತ್ರೆ ಬೇಕಾಗಿಲ್ಲ.

ಗಡಿಯಾರ ಮತ್ತು ಲಕ್ವ

ಮುಖ ಒಂದು ಕಡೆ ಸೊಟ್ಟಗಾಗಿದೆ, ಎರಡೂ ಕೈ ಎತ್ತಿ ಅಂದರೆ ಒಂದು ಕೈ ಜಾರುತ್ತದೆ, ಮಾತು ತೊದಲುತ್ತದೆ ಅಥವಾ ಅರ್ಥವಿಲ್ಲದ ಮಾತು. ಶುಗರ್ ಸರಿಯಾಗಿದ್ದೂ ಹೀಗಾದರೆ ಲಕ್ವ ಅಂತಲೇ ಹೊರಡಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಗಂಟೆ ಎಣಿಸುವುದು ನೀವು ನೋಡಿದ ಹೊತ್ತಿನಿಂದ ಅಲ್ಲ, ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಆರಕ್ಕೆ ಏಳುವಾಗ ಹೀಗಾಗಿದ್ದರೆ ಲೆಕ್ಕ ಹತ್ತರಿಂದ. ನಡುರಾತ್ರಿ ಎದ್ದು ಹೊರಗೆ ಹೋಗಿ ಬಂದಿದ್ದು ಯಾರಾದರೂ ನೋಡಿದ್ದರೆ ಲೆಕ್ಕ ಅಲ್ಲಿಂದ, ಆ ಒಂದು ನೆನಪು ಚಿಕಿತ್ಸೆಯನ್ನೇ ಬದಲಿಸಬಹುದು. ನಾಲ್ಕೂವರೆ ಗಂಟೆ ದಾಟಿದೆ ಅಂತ ಕೈಚೆಲ್ಲಿ ಕೂರಬೇಡಿ, ಕೆಲವರಿಗೆ ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆ 24 ಗಂಟೆಯವರೆಗೂ ಸಾಧ್ಯ.

ಸಿಟಿ ಸ್ಕ್ಯಾನ್ ಆಗದೆ ಅದು ಹೆಪ್ಪೋ ರಕ್ತಸ್ರಾವವೋ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ, ಬಿಪಿ ಹೆಚ್ಚಿದೆ ಅಂತ ಎರಡು ಮಾತ್ರೆ ನುಂಗಿಸಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಅಂತ 108ರವರನ್ನು ಕೇಳಿಯೇ ಹೊರಡಿ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವುದಕ್ಕೇ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಆಗುಂಬೆ ಕಡೆಯವರಿಗೆ ಘಾಟಿ ಇಳಿದು ಮಣಿಪಾಲ ಸೇರುವುದೇ ಹತ್ತಿರ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ಲಾಂಚ್ ಕಾಯುತ್ತಾ ರೋಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ದಿನಗಳು ನನ್ನ ಕಣ್ಣಲ್ಲೇ ಇವೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದಾಗ ನನಗೆ ಮೊದಲು ನೆನಪಾದದ್ದು ಅವರೇ.

ಫಿಟ್ಸ್

ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡಿ, ಬಡಿಯುವಂಥದ್ದನ್ನು ದೂರ ಸರಿಸಿ, ಸಮಯ ನೋಡಿ. ಹಿಡಿದು ಒತ್ತಬೇಡಿ, ಹಲ್ಲಿನ ನಡುವೆ ಚಮಚ ಇಡಬೇಡಿ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ ತುರ್ತು. ಡಾಕ್ಟರ್ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟೇ ಹೊಡೆಯಿರಿ. ನಿಂತ ಮೇಲೆ ಮಗ್ಗುಲಿಗೆ. ಅರ್ಧ ಗಂಟೆ ಮಂಕಾಗಿರುವುದು ಸಹಜ, ಆದರೆ ಹೊತ್ತು ಹೋದಂತೆ ತಿಳಿಯಾಗುತ್ತಾ ಬರಬೇಕು.

ನಮ್ಮ ಕಡೆ ನೋಡಲೇಬೇಕಾದ ಕಾರಣಗಳು

ರಾತ್ರಿ ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಎತ್ತಲಾರದೆ, ಮಾತು ಮೂಗಿನಿಂದ ಬಂದು, ನಿಧಾನಕ್ಕೆ ಎಲ್ಲ ನಿಂತುಹೋದರೆ ಕಟ್ಟುಹಾವು ಕಚ್ಚಿರಬಹುದು. ಅದು ಕಚ್ಚಿದ್ದು ಎಷ್ಟೋ ಸಲ ನೋಯುವುದಿಲ್ಲ, ಗುರುತೂ ಕಾಣುವುದಿಲ್ಲ. ಇಂಥವರು ಪ್ರಜ್ಞೆ ತಪ್ಪಿದಂತೆ ಕಾಣುತ್ತಾರೆ, ಆದರೆ ಮೈ ಮಾತ್ರ ಸೋತಿರುತ್ತದೆ, ಒಳಗೆ ಎಲ್ಲ ಕೇಳಿಸುತ್ತಿರುತ್ತದೆ. "ಹೋಯಿತು, ಮುಗಿಯಿತು" ಅಂತ ಅವರ ಎದುರು ಅಳಬೇಡಿ. "ಆಸ್ಪತ್ರೆಗೆ ಹೋಗ್ತಾ ಇದೀವಿ, ನಾವು ಜೊತೆಗಿದ್ದೀವಿ" ಅಂತ ಕಿವಿಯ ಹತ್ತಿರ ಹೇಳುತ್ತಿರಿ. ಉಸಿರಾಟದ ಮಾಂಸಖಂಡಗಳು ಸೋತು ಉಸಿರು ನಿಲ್ಲುತ್ತಾ ಬಂದರೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಉಸಿರು ಕೊಡುತ್ತಾ ಆಸ್ಪತ್ರೆ ಮುಟ್ಟಿಸಿದರೆ ಪೂರ್ತಿ ಗುಣವಾಗಿ ಮನೆಗೆ ನಡೆದು ಬರುವವರು ಇದ್ದಾರೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ನಾಟಿ ಮದ್ದಿನ ಮನೆಗೆ ಮೊದಲು ಹೋಗುವುದೂ ಬೇಡ.

ಗದ್ದೆಗೆ, ತೋಟಕ್ಕೆ ಔಷಧಿ ಹೊಡೆದು ಬಂದವರು ಜೊಲ್ಲು ಸುರಿಸುತ್ತಾ, ಬೆವರುತ್ತಾ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿದ್ದರೆ ಕೀಟನಾಶಕ ಮೈಗೇರಿದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅವರ ಬಟ್ಟೆ ತೆಗೆದು, ಸೋಪು ಹಚ್ಚಿ ತೊಳೆಯಿರಿ. ಕೀಟನಾಶಕವನ್ನೇ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿ ಜೊತೆಗೆ ತನ್ನಿ. ತಾನಾಗಿ ಕುಡಿದರೋ ತಪ್ಪಿ ಹೋಯಿತೋ ಅಂತ ಆಗ ವಿಚಾರಣೆ ಬೇಡ.

ಮಳೆಗಾಲದ ಚಳಿಗೆ ಕೋಣೆ ಬಾಗಿಲು ಹಾಕಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು ಕುಸಿದರೆ ಮೊದಲು ಬಾಗಿಲು ಕಿಟಕಿ ತೆರೆದು ಹೊರಗೆ ಎಳೆದು ತನ್ನಿ. ಅದು ವಾಸನೆಯಿಲ್ಲದ ವಿಷಗಾಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಈ ಒಂದು ವಿಷಯದಲ್ಲಿ ಅದು ಮೋಸ ಹೋಗುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ, ಮಂಕು ಬಂದರೆ ಇದೇ ಇರಬಹುದು.

ಜ್ವರದ ಜೊತೆ ಮಂಕು ಬಂದರೆ ಕಾಯಬೇಡಿ, ಅದು ಮಿದುಳಿಗೋ ರಕ್ತಕ್ಕೋ ಸೋಂಕು ಏರಿದ ಲಕ್ಷಣ ಆಗಿರಬಹುದು. ಕೆಸರಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ, ಕಾಡಿಗೆ ಸೊಪ್ಪು ದರಗಿಗೆ ಹೋದವರಿಗೆ ಮಂಗನ ಕಾಯಿಲೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲಿ ಕೆಲವರಿಗೆ ಜ್ವರ ಒಮ್ಮೆ ಬಿಟ್ಟು, ಒಂದೆರಡು ವಾರದ ಮೇಲೆ ಮತ್ತೆ ಬಂದು, ಆಗ ತಲೆನೋವು, ನಡುಕ, ಗೊಂದಲ ಕಾಣಿಸುತ್ತದೆ. ಹಾಗಾಗಿ ಕಾಡಿಗೆ ಹೋಗಿದ್ದು, ಉಣುಗು (ಉಣ್ಣೆ) ಕಚ್ಚಿದ್ದು ತಿಂಗಳ ಹಿಂದಿನದಾದರೂ ಹೇಳಿ. ಆಸ್ಪಿರಿನ್, ಬ್ರೂಫೆನ್ ಥರದ ಮಾತ್ರೆ ಕೊಡಬೇಡಿ, ರಕ್ತಸ್ರಾವ ಹೆಚ್ಚಾಗಬಹುದು.

ವಯಸ್ಸಾದವರಲ್ಲಿ ಮೂತ್ರದ ಸೋಂಕು, ನ್ಯುಮೋನಿಯಾ ಜ್ವರವೇ ಇಲ್ಲದೆ ಬರೀ ಮಂಕಾಗಿ ಬರುವುದುಂಟು. ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಹೋಗಿಸುವ ಮಾತ್ರೆ ತಿನ್ನುವವರಿಗೆ ರಕ್ತದಲ್ಲಿ ಸೋಡಿಯಂ ಇಳಿದರೂ ಹಾಗೇ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಅಂಗಳದಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದರ ಪರಿಣಾಮ ಎರಡು ಮೂರು ವಾರ ಕಳೆದ ಮೇಲೂ ಕಾಣಿಸಬಹುದು. ದಿನಾ ಕುಡಿಯುವವರು ಇದ್ದಕ್ಕಿದ್ದಂತೆ ಬಿಟ್ಟರೆ ಎರಡು ಮೂರನೇ ದಿನ ನಡುಗಿ, ಇಲ್ಲದ್ದನ್ನು ಕಂಡು ಹೆದರುತ್ತಾರೆ. ಮೈಮೇಲೆ ಬಂದಿದೆ ಅಂತ ಕರೆದೊಯ್ದು ಕೂರಿಸಿಬಿಡುತ್ತಾರೆ, ಪ್ರಾಣಕ್ಕೆ ಕುತ್ತಾಗುವ ಸ್ಥಿತಿ ಅದು, ಆಸ್ಪತ್ರೆಯೇ ಬೇಕು. ದೇವರಿಗೆ ಹರಕೆ ಹೊತ್ತುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ, ಗಾಡಿಯಲ್ಲಿ ಕೂತು ಹೊತ್ತುಕೊಳ್ಳಿ.

ಮನೆಯಿಂದ ಗಾಡಿಯವರೆಗೆ

ನಮ್ಮಲ್ಲಿ ಇದೇ ಒಂದು ಪ್ರಯಾಣ. ದಣಪೆ ದಾಟಿ, ತೋಟ ಇಳಿದು, ಕಾಲುಸಂಕ ದಾಟಿ ಗಾಡಿ ಸೇರಬೇಕು. ಎಚ್ಚರವಿರುವವರನ್ನು ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಂಚೆ ಸುತ್ತಿ ಕಟ್ಟಿ, ಇಬ್ಬರು ಎತ್ತಿ, ಮೂರನೆಯವರು ಮುಂದೆ ದಾರಿ ನೋಡಲಿ. ಎಚ್ಚರವಿಲ್ಲದವರಿಗೆ ಕುರ್ಚಿ ಬೇಡ, ತಲೆ ಎದೆಗೆ ಬಾಗಿ ಉಸಿರು ಕಟ್ಟುತ್ತದೆ. ಎರಡು ಬಿದಿರಿನ ಗಳಕ್ಕೆ ದಪ್ಪ ಕಂಬಳಿ ಮಡಿಸಿ ಸುತ್ತಿ, ಮಗ್ಗುಲಾಗಿ ಮಲಗಿಸಿ. ನಡುನಡುವೆ ನಿಂತು ಉಸಿರು ನೋಡಿ. ತಲೆಗೆ, ಕತ್ತಿಗೆ ಪೆಟ್ಟಾಗಿದ್ದರೆ ಮಾತ್ರ ಆಂಬುಲೆನ್ಸಿನವರು ಬೋರ್ಡ್ ತರುವ ತನಕ ಕಾಯಿರಿ. ಮಳೆಗೆ ಪ್ಲಾಸ್ಟಿಕ್ ಹೊದಿಸುವಾಗ ಮುಖ ಮುಚ್ಚಬೇಡಿ.

ಕಾಯುವ ಹೊತ್ತಿನಲ್ಲಿ ಒಂದು ಚೀಟಿಯಲ್ಲಿ ಬರೆದಿಡಿ: ಕೊನೆಗೆ ಸರಿಯಿದ್ದ ಸಮಯ, ಶುಗರ್ ನಂಬರ್ ಮತ್ತು ನೋಡಿದ ಗಂಟೆ, ಮೊದಲು ಹೇಗಿದ್ದರು ಈಗ ಹೇಗಿದ್ದಾರೆ, ಫಿಟ್ಸ್ ಬಂದಿದ್ದರೆ ಎಷ್ಟು ನಿಮಿಷ, ಹಳೇ ಕಾಯಿಲೆ, ಯಾವ ಔಷಧಿ ಆಗಿಬರುವುದಿಲ್ಲ. ಮಾತ್ರೆಗಳ ಹೆಸರು ಬರೆಯಲು ಒದ್ದಾಡಬೇಡಿ, ಡಬ್ಬಿ ಸಮೇತ ಚೀಲಕ್ಕೆ ಹಾಕಿ. ಗಾಡಿಯಲ್ಲಿ ಜೊತೆಗೆ ಬರುವವರು ಆವತ್ತು ಮನೆಯಲ್ಲೇ ಇದ್ದು ನೋಡಿದವರಾಗಿರಲಿ. ಎಷ್ಟೋ ಸಲ ಧೈರ್ಯವಂತರು ಅಂತ ಪಕ್ಕದ ಮನೆಯವರನ್ನು ಕಳಿಸುತ್ತಾರೆ, ಡಾಕ್ಟರ್ ಕೇಳಿದ ಒಂದು ಪ್ರಶ್ನೆಗೂ ಅವರಲ್ಲಿ ಉತ್ತರ ಇರುವುದಿಲ್ಲ. ಅಜ್ಜಿಗೆ ಬಸ್ಸಿನ ವಾಂತಿ ಇದ್ದರೂ ಪರವಾಗಿಲ್ಲ, ನೋಡಿದ್ದು ಅಜ್ಜಿಯಾದರೆ ಅಜ್ಜಿಯೇ ಬರಲಿ.

ಇನ್ನೊಂದು ಮಾತು, ಶುಗರ್ ಇಳಿದು ಎಚ್ಚರವಾದವರ ಬಗ್ಗೆ. "ಈಗ ಸರಿಯಾದರಲ್ಲ, ಆಸ್ಪತ್ರೆ ಯಾಕೆ" ಅಂತ ಆಂಬುಲೆನ್ಸನ್ನು ವಾಪಸ್ ಕಳಿಸಬೇಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆಯಿಂದ ಇಳಿದ ಶುಗರ್ ಮತ್ತೆ ಮತ್ತೆ ಇಳಿಯುತ್ತದೆ, ಒಂದು ದಿನ ದಾಟಿದರೂ ಅದರ ಪ್ರಭಾವ ಇರುತ್ತದೆ, ಕಿಡ್ನಿ ಸೋತವರಲ್ಲಿ ಇನ್ನೂ ಹೆಚ್ಚು ಹೊತ್ತು. ಆ ಅಜ್ಜನನ್ನೂ ನಾವು ಒಪ್ಪಿಸಿ ಕರೆದುಕೊಂಡು ಹೋದೆವು. ಅದೇ ಮಧ್ಯಾಹ್ನ ವಾರ್ಡಿನಲ್ಲಿ ಅವರ ಶುಗರ್ ಮತ್ತೆ 48ಕ್ಕೆ ಬಂದಿತ್ತು.